ಹಿಮದ ಬಯಲಿಗೆ ರಾಗಿ ಬಿತ್ತಿದ್ದು

ಮಣ್ಣು ತರಲು ಒಂದು ಭಾನುವಾರ ನೈರೋಬಿಯ ಅಂಚಿನ ಎಂಬಕಸಿ ದಾಟಿ ಹೋಗಿದ್ದೆವು. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದ ಕಾಲ. ಅಳಿಯ ಕಾರು ಓಡಿಸುತ್ತಿದ್ದರು, ಮೊಮ್ಮಗಳು ಅವರ ಪಕ್ಕದಲ್ಲಿ, ನಾನು ಹಿಂದಿನ ಸೀಟಿನಲ್ಲಿ ಎರಡು ಖಾಲಿ ಚೀಲ, ಒಂದು ಗುದ್ದಲಿಯ ಜೊತೆ. ಮಗಳು ಬರಲಿಲ್ಲ. ಅವಳಿಗೆ ಆಫೀಸಿನ ವರದಿ ಬರೆಯುವುದಿತ್ತು, ಅವಳಿಗೆ ಯಾವಾಗಲೂ ಬರೆಯುವುದಿರುತ್ತದೆ.

ನಮ್ಮ ಮನೆ ಇದ್ದ ಹರ್ಲಿಂಗ್‌ಹ್ಯಾಮ್ ಕಡೆ ನೆಲವೆಲ್ಲ ಕೆಂಪು. ವಿಮಾನ ನಿಲ್ದಾಣದ ಆಚೆ ಬಯಲು ಶುರುವಾಗುತ್ತಿದ್ದಂತೆ ಕಪ್ಪು. ಮನೆಯ ಹಿಂದೆಯೇ ಬೇಕಾದಷ್ಟು ಮಣ್ಣಿರುವಾಗ ಪೆಟ್ರೋಲು ಸುಟ್ಟು ಇಷ್ಟು ದೂರ ಯಾಕೆ ಎಂದು ಕೇಳಿದೆ.

"ರೆಡ್ ಸಾಯಿಲ್‌ನಲ್ಲಿ ನೀರು ಸೀದಾ ಕೆಳಗೆ ಇಳಿದುಹೋಗತ್ತೆ ಅಜ್ಜಿ. ನಂಗೆ ರಿವರ್ ಮೇಲೆ ಹರೀಬೇಕು" ಎಂದಳು ಮೊಮ್ಮಗಳು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ನನ್ನ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ.

ಒಣಗಿದ ಒಂದು ಹಳ್ಳದ ಪಕ್ಕ ಕಾರು ನಿಲ್ಲಿಸಿದರು. ದಂಡೆಯ ಮಣ್ಣು ಕಾಲ್ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಅಳಿಯ ಅಗೆದರು, ಅವಳು ತುಂಬಿದಳು, ನಾನು ಚೀಲದ ಬಾಯಿ ಹಿಡಿದೆ. ಅಳಿಯನ ಕಾರ್ಖಾನೆ ಅಲ್ಲೇ ಹತ್ತಿರ, ಅದೇ ಮಣ್ಣಿನ ಮೇಲೆ.

"ಈ ಮಣ್ಣನ್ನ ನಂಬೋ ಹಾಗಿಲ್ಲ ಅತ್ತೆ" ಎಂದರು. "ಒಣಗಿದ್ರೆ ಬಿರುಕು. ಒದ್ದೆಯಾಗ್ತಾ ಹೋದ್ರೆ ಉಬ್ಬತ್ತೆ. ನಮ್ಮ ಗೋಡೌನ್ ನೆಲ ಎರಡು ಮಳೆಗೆ ಎದ್ದು ಕೂತು ಬಾಗಿಲೇ ತೆಗೆಯೋಕಾಗ್ತಿರಲಿಲ್ಲ." ಮೊಮ್ಮಗಳ ಕಡೆ ತಿರುಗಿ, "ಒಂದ್ಸಲ ಮಾಡಿ ನೆರಳಲ್ಲಿ ಒಣಗಿಸಿಬಿಡು. ಆಮೇಲೆ ನೀರು ಸೋಕಿಸಬೇಡ" ಎಂದರು.

ನಾನೂ ಕೇಳಿಸಿಕೊಂಡೆ. ಕೇಳಿಸಲಿಲ್ಲ ಎಂದು ಇವತ್ತು ಹೇಳುವುದಿಲ್ಲ.

ಮೊಮ್ಮಗಳಿಗೆ ಆಗ ಹದಿನೈದು. ಅವಳ ಶಾಲೆಯ ಭೂಗೋಳದ ಟೀಚರು ಪ್ರತಿ ಜನವರಿಯಲ್ಲಿ ಕ್ಲಾಸಿನ ಎಂಟು ಮಕ್ಕಳನ್ನು ಕೆನ್ಯಾ ಪರ್ವತಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನಾಲ್ಕು ದಿನದಲ್ಲಿ ಹತ್ತಿ, ಮೇಲಿರುವ ಹಿಮವನ್ನು ಕಣ್ಣಾರೆ ನೋಡಿ ಬರುವುದು. ಯಾವ ಎಂಟು ಮಕ್ಕಳು ಎನ್ನುವುದು ಅಕ್ಟೋಬರಿನಲ್ಲಿ ಮಾಡುವ ಮಾಡೆಲ್ಲಿನಿಂದ ತೀರ್ಮಾನ. ಇವಳಿಗೆ ಹೋಗಲೇಬೇಕು. ಬೂಟು ಆಗಲೇ ತೆಗೆಸಿಕೊಂಡು, ಕಾಲಿಗೆ ಪಳಗಲಿ ಎಂದು ಮನೆಯೊಳಗೆಲ್ಲ ಹಾಕಿಕೊಂಡು ತಿರುಗುತ್ತಿದ್ದಳು. ದೇವರ ಗೂಡಿನ ಮುಂದೆ ಬೂಟು ಹಾಕಿಕೊಂಡು ಬರಬೇಡವೇ ಎಂದು ನಾನು ದಿನಾ ಬೈಯುತ್ತಿದ್ದೆ. ಅಲ್ಲಿ ಮಾತ್ರ ಬೆರಳ ತುದಿಯ ಮೇಲೆ ನಡೆದು ದಾಟಿಬಿಡುತ್ತಿದ್ದಳು. ಬಿಚ್ಚುತ್ತಿರಲಿಲ್ಲ.

ಅವಳು ಮಾಡೆಲ್ ಮಾಡಲು ಆರಿಸಿಕೊಂಡದ್ದು ಪರ್ವತವನ್ನಲ್ಲ. ಬಡಗಣ ದೇಶದ ಯಾವುದೋ ತಗ್ಗು ಬಯಲು. ಒಂದು ಕಾಲದಲ್ಲಿ ಅಲ್ಲಿ ಹಿಮ ಹಾಸಿಕೊಂಡಿತ್ತಂತೆ, ಮನೆಗಿಂತ ಎತ್ತರ, ಬೆಟ್ಟಕ್ಕಿಂತ ಎತ್ತರ. ಅದು ಸಮುದ್ರದ ಕಡೆಯಿಂದ ನಿಧಾನವಾಗಿ ತೆವಳಿಕೊಂಡು ಬಂದು ಕಲ್ಲು ಮಣ್ಣು ಎಲ್ಲ ತಳ್ಳಿ, ನಿಂತ ಕಡೆ ಉದ್ದಕ್ಕೆ ಒಂದು ದಿಬ್ಬ ಹಾಕಿ ಕರಗಿಹೋಯಿತಂತೆ. ದಿಬ್ಬದ ಹೆಸರು ಮೊರೇನ್. ದಕ್ಷಿಣದ ಬೆಟ್ಟದಿಂದ ಇಳಿದು ಬರುವ ನದಿಗಳಿಗೆ ಈ ದಿಬ್ಬ ಅಡ್ಡ. ಅದಕ್ಕೆ ಅವು ನೇರ ಸಮುದ್ರಕ್ಕೆ ಹೋಗದೆ, ದಿಬ್ಬದ ಬುಡ ಹಿಡಿದು ಪಡುವಣಕ್ಕೆ ಎಷ್ಟೋ ದೂರ ನಡೆದು, ಎಲ್ಲಿ ಒಂದು ಸಂದು ಸಿಗುತ್ತದೋ ಅಲ್ಲಿ ತೂರಿ ಆಚೆ ಹೋಗುತ್ತವೆ.

"ಹಿಮ ಹೇಗೆ ಮಣ್ಣು ತಳ್ಳತ್ತೆ? ಅದಕ್ಕೇನು ಕೈಯಿದೆಯಾ?" ಎಂದೆ.

ಅವಳು ಫ್ರಿಜ್ಜಿನಿಂದ ಮಂಜುಗಡ್ಡೆ ತಂದು, ಸ್ಟೀಲ್ ತಟ್ಟೆಯಲ್ಲಿ ಒದ್ದೆ ಮಣ್ಣು ಹರಡಿ, ಗಡ್ಡೆಯಿಂದ ನೂಕಿ ತೋರಿಸಿದಳು. ಮಣ್ಣು ಮುಂದೆ ಗುಡ್ಡೆಯಾಯಿತು. ಇನ್ನೊಂದು ಗಡ್ಡೆಯನ್ನು ಮಣ್ಣಿನಲ್ಲಿ ಹೂತಳು. ನಾವಿಬ್ಬರೂ ಕೂತು ಕಾದೆವು. ಕೆಲಸದಾಕೆಯೂ ಪೊರಕೆ ಹಿಡಿದು ಬಂದು ನಿಂತಳು. ಗಡ್ಡೆ ಕರಗಿ ಅಲ್ಲೊಂದು ಗುಂಡಿ ಆಯಿತು, ಗುಂಡಿಯಲ್ಲಿ ನೀರು.

"ನೋಡು. ಹೀಗೇ ಆ ಬಯಲಿನ ತುಂಬ ಲೇಕ್ಸ್ ಆಗಿರೋದು."

"ಅಷ್ಟೇನಾ?" ಎಂದೆ.

"ಅಷ್ಟೇ ಅಜ್ಜಿ. ಆದ್ರೆ ಮೈಲಿಗಟ್ಟಲೆ."

ಮೈಲಿಗಟ್ಟಲೆ ಎನ್ನುವುದು ನನ್ನ ತಲೆಗೆ ಹತ್ತಲಿಲ್ಲ, ಆದರೆ ಗುಂಡಿ ಆದದ್ದು ನಿಜ. ಆ ತಟ್ಟೆ ನಾನು ಮೂರು ಸಲ ತೊಳೆದೆ.

ಹಿಂದಿನ ವರಾಂಡದಲ್ಲಿ ಪ್ಲೈವುಡ್ ಹಲಗೆಯ ಮೇಲೆ ಅವಳು ಮಾಡೆಲ್ ಕಟ್ಟಿದಳು. ಹದಿನೈದು ದಿನ ಹಿಡಿಯಿತು. ಪುಸ್ತಕ ತೆರೆದಿಟ್ಟು ಸ್ಕೇಲಿನಲ್ಲಿ ಅಳೆದು ಅಳೆದು ದಿಬ್ಬ ಎತ್ತಿದಳು. ಒಂದು ತುದಿಯಲ್ಲಿ ನೀಲಿ ಬಣ್ಣದ ಸಮುದ್ರ, ಇನ್ನೊಂದು ತುದಿಯಲ್ಲಿ ಬೆಟ್ಟ, ನಡುವೆ ದಿಬ್ಬ, ದಿಬ್ಬದಲ್ಲಿ ಒಂದೇ ಒಂದು ಸಂದು, ನನ್ನ ಎರಡು ಬೆರಳಿನಷ್ಟು ಅಗಲ. ಪರೀಕ್ಷೆ ಆ ಸಂದಿನಲ್ಲೇ ಇತ್ತು. ಟೀಚರು ಬೆಟ್ಟದ ಮೇಲೆ ಒಂದು ಜಗ್ಗು ನೀರು ಸುರಿಯುತ್ತಾರೆ. ನದಿ ದಿಬ್ಬದ ಬುಡದಲ್ಲಿ ನಡೆದು ಸಂದು ಹೊಕ್ಕು ಸಮುದ್ರ ಸೇರಬೇಕು. ಸೇರಿದರೆ ಪರ್ವತ, ಇಲ್ಲದಿದ್ದರೆ ಇಲ್ಲ. ಅವಳು ಒಂದೇ ಒಂದು ಸಲ ನೀರು ಬಿಟ್ಟು ನೋಡಿದಳು. ಹರಿಯಿತು. ಬಟ್ಟೆಯಲ್ಲಿ ಒತ್ತಿ ಒರೆಸಿ ಒಣಗಲು ಬಿಟ್ಟಳು.

ನೋಡಲು ಮಾತ್ರ ಅದು ದರಿದ್ರವಾಗಿತ್ತು. ಬರೀ ಕಪ್ಪು. ಹುಲ್ಲಿಲ್ಲ, ಮರವಿಲ್ಲ, ಒಂದು ಹಸುವಿಲ್ಲ.

"ಇದೇನೇ, ಮಸಣದ ಹಾಗೆ?"

"ಐಸ್ ಈಗ ತಾನೆ ಹೋಗಿದೆ ಅಜ್ಜಿ. ಹಾಗೇ ಇರಬೇಕು."

ಅಷ್ಟರಲ್ಲಿ ನವರಾತ್ರಿ ಬಂತು. ಮೈಸೂರಿನಲ್ಲಿ ನಮ್ಮ ಬೀದಿಯಲ್ಲಿ ಗೊಂಬೆ ಕೂರಿಸುವ ಎಲ್ಲ ಮನೆಗಳಿಗೂ ಪಾರ್ಕು ಮಾಡಿಕೊಡುತ್ತಿದ್ದವಳು ನಾನು. ಗೊಂಬೆ ಸಾಲಿನ ಮುಂದೆ ತಟ್ಟೆಯಲ್ಲೋ ಹಲಗೆಯ ಮೇಲೋ ಮಣ್ಣು ಹಾಕಿ, ಗುಡ್ಡ ಮಾಡಿ, ಒಡೆದ ಕನ್ನಡಿ ಇಟ್ಟು ಕೆರೆ ಮಾಡಿ, ರಾಗಿ ಚೆಲ್ಲಿ ನೀರು ಚಿಮುಕಿಸುವುದು. ಹಬ್ಬದ ಹೊತ್ತಿಗೆ ರಾಗಿ ಪೈರು ಹುಲ್ಲಿನ ಹಾಗೆ ಎದ್ದಿರುತ್ತದೆ. ಹೆಂಗಸರು ಗೊಂಬೆ ನೋಡಲು ಬಂದು ನನ್ನ ಪಾರ್ಕು ನೋಡಿ ನಿಲ್ಲುತ್ತಿದ್ದರು. ನೈರೋಬಿಯಲ್ಲಿ ಮಗಳು ಪಟ್ಟದ ಗೊಂಬೆ ಎರಡನ್ನು ಟಿವಿಯ ಪಕ್ಕ ಇಟ್ಟು ಕುಂಕುಮ ಹಚ್ಚಿ, "ಆಯ್ತಮ್ಮ, ಇಷ್ಟೇ ನಮ್ಮ ಹಬ್ಬ" ಎಂದಳು. ಶಾಲೆಗೆ ಒಂದು ವಾರ ರಜೆ ಸಿಕ್ಕಿತ್ತು, ಮೂವರೂ ಮೊಂಬಾಸಾಕ್ಕೆ ಹೊರಟರು. ನನಗೆ ಮಂಡಿ ನೋವು, ಸಮುದ್ರವನ್ನು ಮಂಗಳೂರಿನಲ್ಲೇ ನೋಡಿದ್ದೆ. ಬರುವುದಿಲ್ಲ ಎಂದೆ.

ಹೋಗುವಾಗ ಮೊಮ್ಮಗಳು, "ಅಜ್ಜಿ, ಮಾಡೆಲ್ ಮೇಲೆ ಬಿಸಿಲು ಬೀಳದ ಹಾಗೆ ನೋಡ್ಕೋ" ಎಂದಳು. ಅಷ್ಟೇ ಹೇಳಿದಳು.

ಅವರು ಹೋದ ದಿನವೇ ಕೆಲಸದಾಕೆಯ ಕೈಲಿ ಅಂಗಡಿಯಿಂದ ರಾಗಿ ತರಿಸಿದೆ. ಅಲ್ಲಿ ಅದಕ್ಕೆ ವಿಂಬಿ ಎನ್ನುತ್ತಾರೆ, ಗಂಜಿ ಮಾಡಿ ಕುಡಿಯುತ್ತಾರೆ. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಬಯಲಿನ ಮೇಲೆ, ದಿಬ್ಬದ ಮೇಲೆ, ನದಿಯ ಎರಡೂ ದಡಕ್ಕೆ ಚೆಲ್ಲಿದೆ. ನದಿಯ ಒಳಗೆ ಹಾಕಲಿಲ್ಲ, ಅಷ್ಟು ಬುದ್ಧಿ ಇತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೈಯಲ್ಲಿ ನೀರು ಚಿಮುಕಿಸಿದೆ. ನೀರು ಸೋಕಿಸಬೇಡ ಎಂದ ಮಾತು ನೆನಪಿಗೆ ಬರಲಿಲ್ಲವೇ ಎಂದರೆ, ಬಂತು. ಚಿಮುಕಿಸುವುದು ಸುರಿದ ಲೆಕ್ಕವಲ್ಲ ಎಂದುಕೊಂಡೆ. ಗೋಡೌನು ಬೇರೆ, ಹಲಗೆ ಬೇರೆ ಎಂದುಕೊಂಡೆ.

ನಾಲ್ಕನೇ ದಿನ ಮೊಳಕೆ ಕಂಡಿತು. ಕೆಲಸದಾಕೆ ಬಗ್ಗಿ ನೋಡಿ, "ಶೋಶೋ, ಶಾಂಬಾ?" ಎಂದು ನಕ್ಕಳು. ಶೋಶೋ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ಶಾಂಬಾ ಎಂದರೆ ಹೊಲ. ಅವಳಿಗೂ ಖುಷಿಯಾಗಿತ್ತು. ಗಾಜಿನ ಬೀರುವಿನಲ್ಲಿದ್ದ ಎರಡು ಮರದ ಜಿರಾಫೆ ತೆಗೆದುಕೊಟ್ಟಳು. ನದಿಯ ಪಕ್ಕ ನಿಲ್ಲಿಸಿದೆವು, ಬಗ್ಗಿ ನೀರು ಕುಡಿಯುವ ಹಾಗೆ. ಎಂಟನೇ ದಿನಕ್ಕೆ ಪೈರು ಎರಡು ಅಂಗುಲ. ದಿಬ್ಬ ದಪ್ಪಗಾದ ಹಾಗೆ ಕಂಡಿತು. ಪೈರು ಎದ್ದಿದೆಯಲ್ಲ, ಹಾಗೆ ಕಾಣುತ್ತದೆ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಅವರು ಬಂದರು. ಚೀಲ ಇಳಿಸುವ ಮೊದಲೇ ಅವಳು ವರಾಂಡಕ್ಕೆ ಹೋದಳು. ಕೂಗಲಿಲ್ಲ. ನಾನು ಹೋಗಿ ನೋಡುವ ಹೊತ್ತಿಗೆ ಹಲಗೆಯ ಮುಂದೆ ಕೂತು ಎರಡು ಬೆರಳಿಂದ ಸಂದು ಹುಡುಕುತ್ತಿದ್ದಳು. ಸಂದು ಇರಲಿಲ್ಲ. ಎರಡೂ ಕಡೆಯ ಮಣ್ಣು ಉಬ್ಬಿ ಕೂಡಿಕೊಂಡುಬಿಟ್ಟಿತ್ತು.

"ಅಮ್ಮ, ಏನಿದು?" ಎಂದಳು ಮಗಳು.

"ರಾಗಿ" ಎಂದೆ.

ಅಳಿಯ ಹೆಬ್ಬೆರಳಿಂದ ದಿಬ್ಬ ಒತ್ತಿ ನೋಡಿದರು. "ಗೋಡೌನು" ಎಂದರು, ಒಳಗೆ ಹೋದರು.

ಆಮೇಲೆ ಮೊಮ್ಮಗಳು ಶುರುಮಾಡಿದಳು. "ನಾನು ಕೇಳಿದ್ನಾ?"

"ಇಲ್ಲ."

"ಮತ್ತೆ? ಐಸ್ ಹೋದ ಮಾರನೇ ದಿನ ಯಾರಾದ್ರೂ ರಾಗಿ ಬಿತ್ತುತ್ತಾರಾ? ಜಿರಾಫೆ! ಐಸ್ ಏಜ್‌ನಲ್ಲಿ ಜಿರಾಫೆ!"

"ಬೋಳಾಗಿತ್ತು, ಚೆನ್ನಾಗಿ ಕಾಣಲಿ ಅಂತ..."

"ಯಾರಿಗೆ ಚೆನ್ನಾಗಿ ಕಾಣಬೇಕು? ನಂಗೋಸ್ಕರ ಮಾಡಿಲ್ಲ ನೀನು. ನಿಂಗೆ ನಿನ್ನ ಪಾರ್ಕ್ ಬೇಕಿತ್ತು. ನಂದು ಸಿಕ್ತು, ಮಾಡ್ಕೊಂಡೆ."

"ಅಜ್ಜಿ ಹತ್ರ ಹಾಗೆ ಮಾತಾಡ್ಬೇಡ" ಎಂದಳು ಮಗಳು. ನಾನೇ ಅವಳನ್ನು ಸುಮ್ಮನಿರು ಎಂದೆ. ಹುಡುಗಿ ಹೇಳಿದ್ದು ಸರಿಯಾಗಿತ್ತು.

ಪೈರು ಕಿತ್ತರೆ ಬೇರಿನ ಜೊತೆ ಹಿಡಿ ಹಿಡಿ ಮಣ್ಣು ಬಂತು. ಅದಕ್ಕೆ ಕೀಳುವುದು ಬಿಟ್ಟು ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿದಳು. ನಾನು ಕತ್ತರಿಗೆ ಕೈ ಚಾಚಿದೆ, ಕೊಡಲಿಲ್ಲ. ಚಮಚದಿಂದ ಸಂದು ಕೊರೆದಳು. ಸೋಮವಾರ ಶಾಲೆಯಿಂದ ಬರುವ ಹೊತ್ತಿಗೆ ಮೇಲುಗಡೆ ಒಣಗಿ ಬಿರುಕು ಬಿಟ್ಟಿತ್ತು. ಬಿರುಕಿಗೆ ಮಣ್ಣು ತುಂಬಿದಳು, ಪಕ್ಕದಲ್ಲಿ ಇನ್ನೊಂದು ಬಿಟ್ಟಿತು. ಊಟಕ್ಕೆ ಕರೆದರೆ ಬರಲಿಲ್ಲ. ಮಂಗಳವಾರ ಪರೀಕ್ಷೆ.

ಮಂಗಳವಾರ ಮಗಳು ಕಾರು ಓಡಿಸಿದಳು. ಹಲಗೆ ಅಲುಗಾಡಬಾರದು, ಹಿಂದೆ ಕೂತು ಹಿಡಿದುಕೊಳ್ಳಲು ಒಂದು ಆಳು ಬೇಕಿತ್ತು, ಆ ಆಳು ನಾನು. ಮಟಾಟು ಬಸ್ಸುಗಳು ನುಗ್ಗಿದ ಕಡೆಯೆಲ್ಲ ಮಗಳು ಬ್ರೇಕು ಹಾಕಿದಳು, ನಾನು ಹಲಗೆಯನ್ನು ಎದೆಗೆ ಒತ್ತಿ ಹಿಡಿದೆ. ಸೀರೆಯೆಲ್ಲ ಮಣ್ಣಾಯಿತು. ಮೊಮ್ಮಗಳು ತಿರುಗಿ ನನ್ನನ್ನು ನೋಡಲಿಲ್ಲ, ಹಲಗೆಯನ್ನು ನೋಡುತ್ತಿದ್ದಳು.

ಶಾಲೆಯಲ್ಲಿ ಇಳಿದ ಮೇಲೆ, "ನೀನು ಕಾರಲ್ಲೇ ಇರು" ಎಂದಳು. ಮಗಳಿಗೆ ಆಫೀಸಿನಿಂದ ಫೋನು ಬಂತು, ಅವಳು ಕಾರಿನಲ್ಲೇ ಉಳಿದಳು. ಹಲಗೆ ಒಬ್ಬಳ ಕೈಯಲ್ಲಿ ಆಗುವಂಥದ್ದಲ್ಲ. ಇನ್ನೊಂದು ತುದಿ ನಾನು ಹಿಡಿದೆ, ಹಾಗೇ ಒಳಗೆ ಹೋದೆ.

ಟೀಚರು ಆ ದೇಶದವರೇ, ಎತ್ತರದ ಹೆಂಗಸು, ಕತ್ತಿನಲ್ಲಿ ದಾರ ಕಟ್ಟಿದ ಕನ್ನಡಕ. ಒಂದೊಂದೇ ಮಾಡೆಲ್ಲಿಗೆ ನೀರು ಹಾಕಿ ಬರೆದುಕೊಳ್ಳುತ್ತಾ ಬಂದರು. ನಮ್ಮದರ ಸರದಿ. ಬೆಟ್ಟದಿಂದ ನೀರು ಇಳಿಯಿತು. ದಿಬ್ಬಕ್ಕೆ ಬಂತು, ತಿರುಗಿತು, ದಿಬ್ಬದ ಬುಡ ಹಿಡಿದು ನಡೆಯಿತು. ಸಂದಿಗೆ ಇನ್ನು ನಾಲ್ಕು ಬೆರಳು ಇದೆ ಎನ್ನುವಾಗ ಒಂದು ಬಿರುಕಿನೊಳಗೆ ನುಗ್ಗಿ ಕಾಣದಾಯಿತು. ಸ್ವಲ್ಪ ಹೊತ್ತಿಗೆ ಹಲಗೆಯ ಅಡಿಯಿಂದ ಬಂದು ಟೀಚರ ಚಪ್ಪಲಿಯ ಮೇಲೆ ಬಿತ್ತು. ಸಮುದ್ರ ಒಣಗಿಯೇ ಇತ್ತು.

ಟೀಚರು ಕನ್ನಡಕ ಏರಿಸಿ ದಿಬ್ಬದ ಮೇಲಿನ ಹಸಿರು ಕೂಳೆ ಮುಟ್ಟಿ ನೋಡಿ ಏನೋ ಕೇಳಿದರು. ಮೊಮ್ಮಗಳು "ಮೈ ಮಿಸ್ಟೇಕ್" ಎಂದಳು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ.

"ನಾನು ಮಾಡಿದ್ದು ಅಂತ ಹೇಳೇ" ಎಂದೆ.

ಅವಳು ಟೀಚರಿಗೆ ಏನೋ ಹೇಳಿದಳು. ಟೀಚರು ನಗುತ್ತಾ ನನಗೆ ಕೈ ಮುಗಿದು, "ಕರಿಬು, ಕರಿಬು" ಎಂದರು. ಬನ್ನಿ ಬನ್ನಿ ಎಂದು.

"ಏನು ಹೇಳಿದೆ?"

"ನೀನು ಸ್ಕೂಲ್ ನೋಡೋಕೆ ಬಂದಿದ್ದೀಯ ಅಂದೆ."

"ಕತ್ತೆ, ನಾನು ಹೇಳಿದ್ದು ಹೇಳು."

"ನೋ ಅಜ್ಜಿ. ಕಂಪ್ಲೇಂಟ್ ಹೇಳ್ದಂಗಾಗತ್ತೆ. ಎಲ್ಲರೂ ನಗ್ತಾರೆ. ಹೋಗು ಪ್ಲೀಸ್."

ನಾನು ಹೋಗಲಿಲ್ಲ. ನನಗೆ ಬರುತ್ತಿದ್ದ ಸ್ವಾಹಿಲಿ ಕೆಲಸದಾಕೆಯಿಂದ ಕಲಿತದ್ದು. ನೀರು, ಬೆಂಕಿ, ನಾಳೆ ಬಾ, ದಿನಾ ಲೇಟು, ಇಷ್ಟೇ. ಜೊತೆಗೆ ಲೋಟ ಒಡೆದಾಗಲೆಲ್ಲ ಅವಳು ಹೇಳುತ್ತಿದ್ದ ಒಂದು ಮಾತು, ತಪ್ಪು ನನ್ನದು ಅಂತ. ಮಾಡೆಲ್ ತೋರಿಸಿದೆ, ಎದೆ ಮುಟ್ಟಿಕೊಂಡೆ, ನೀರು ಚಿಮುಕಿಸಿ ತೋರಿಸಿದೆ. "ಮಿಮಿ. ಮಾಜಿ. ಕಿಲಾ ಸಿಕು. ಮಕೋಸಾ ಯಾಂಗು" ಎಂದೆ. ನಾನು, ನೀರು, ದಿನಾ, ತಪ್ಪು ನನ್ನದು. ಕೂಳೆ ಕಿತ್ತು ಹಿಡಿದು "ವಿಂಬಿ" ಎಂದೆ.

ಹಿಂದೆ ನಿಂತ ಮಕ್ಕಳು ನಕ್ಕರು. ಮೊಮ್ಮಗಳ ಕಿವಿ ಕೆಂಪಾಗಿತ್ತು. ಟೀಚರು ನಗಲಿಲ್ಲ. "ವಿಂಬಿ?" ಎಂದರು. ಕೂಳೆ ಇಸಿದುಕೊಂಡು ಮೂಸಿ ನೋಡಿದರು. ಆಮೇಲೆ ಮೊಮ್ಮಗಳ ಜೊತೆ ಬಹಳ ಹೊತ್ತು ಮಾತನಾಡಿದರು. ಕೇಳುತ್ತಿದ್ದರು, ಇವಳು ಹಲಗೆ ತೋರಿಸಿ ತೋರಿಸಿ ಹೇಳುತ್ತಿದ್ದಳು. ನನಗೆ ಒಂದೂ ಗೊತ್ತಾಗಲಿಲ್ಲ.

ಕಾರಿನ ತನಕ ಬಂದು ಅವಳು ಅಮ್ಮನಿಗೆ ಹೇಳಿದಾಗಲೇ ನನಗೂ ತಿಳಿದದ್ದು. ಅಜ್ಜಿ ನೀರು ಹಾಕಿದ್ದು ಅಜ್ಜಿಯ ತಪ್ಪು, ಮಾಡೆಲ್ ಬಿಟ್ಟು ಸಮುದ್ರಕ್ಕೆ ಹೋದದ್ದು ನಿನ್ನ ತಪ್ಪು ಎಂದರಂತೆ ಟೀಚರು. ಕೆಡಿಸಿದವರು ಯಾರೇ ಆದರೂ ಶುಕ್ರವಾರದ ತನಕ ಮತ್ತೆ ಮಾಡಿ ತರಬಹುದು, ಮಾರ್ಕ್ಸ್ ಮಾತ್ರ ಸ್ವಲ್ಪ ಕಡಿಮೆ. ಎಲ್ಲರಿಗೂ ಅದೇ ನಿಯಮ.

"ಅಜ್ಜಿ ಬರದಿದ್ರೂ ಅದನ್ನೇ ಹೇಳ್ತಿದ್ರಾ?" ಎಂದು ಮಗಳು ಕೇಳಿದಳು.

"ಯಾ. ಅದೇ ರೂಲ್" ಎಂದಳು.

ಹಾಗಾಗಿ ನಾನು ಹೋಗಿ ಆದದ್ದೇನೂ ಇಲ್ಲ. ಸೀರೆ ಹಾಳಾಯಿತು.

ಅವತ್ತು ಸಂಜೆ ಅಳಿಯ ಕಾರ್ಖಾನೆಯ ಹಿಂದಿನಿಂದ ಮತ್ತೊಂದು ಚೀಲ ಮಣ್ಣು ತಂದರು. ಹದಿನೈದು ದಿನದ ಕೆಲಸ ಮೂರು ದಿನದಲ್ಲಿ ಆಗಬೇಕಿತ್ತು. ಅವಳು ವರಾಂಡದಲ್ಲಿ ಕೂತು ಆ ಕಡೆಯಿಂದ ಬಾಗಿಲ ಚಿಲಕ ಹಾಕಿಕೊಂಡಳು. ಕೆಲಸದಾಕೆಗೂ ಪ್ರವೇಶವಿಲ್ಲ. ನಾನು ಕಿಟಕಿಯಿಂದ ತಟ್ಟೆ ಕೊಡುತ್ತಿದ್ದೆ.

"ಅಲ್ಲಿಡು."

"ತಣ್ಣಗಾಗತ್ತೆ."

"ಆಗಲಿ."

ಕಿಟಕಿಯಿಂದ ಕಾಣುವಷ್ಟು ಕಂಡೆ. ಈ ಸಲ ಮಣ್ಣಿಗೆ ಮರಳು ಬೆರೆಸಿದಳು. ನದಿಯ ತಳಕ್ಕೆ ಮೇಣದಬತ್ತಿ ಕರಗಿಸಿ ಹುಯ್ದಳು. ಸಂದನ್ನು ಪುಸ್ತಕದಲ್ಲಿ ಇದ್ದದ್ದಕ್ಕಿಂತ ಒಂದು ಬೆರಳು ಅಗಲ ಬಿಟ್ಟಳು. ಅಪ್ಪ ಅಳತೆ ತಪ್ಪಾಯಿತಲ್ಲ ಎಂದರೆ, "ಉಬ್ಬಿದ್ರೆ ಸರಿಯಾಗತ್ತೆ, ಉಬ್ಬದಿದ್ರೆ ಮಾರ್ಕ್ಸ್ ಹೋಗತ್ತೆ. ನೀರು ಹೋಗೋದು ಮುಖ್ಯ" ಎಂದಳು. ಏನಾದರೂ ಹೇಳಬೇಕು ಎಂದು ನನಗೆ ಎರಡು ಮೂರು ಸಲ ಬಾಯಿಗೆ ಬಂತು. ಹೇಳಲಿಲ್ಲ. ಅದೇ ನಾನು ಆ ವಾರ ಮಾಡಿದ ಸಹಾಯ.

ಶುಕ್ರವಾರ ಹಲಗೆಯನ್ನು ಅಳಿಯ ಹಿಡಿದುಕೊಂಡು ಹೋದರು. ಸಂಜೆ ಅವಳು ಬಂದು ಬೂಟು ಬಿಚ್ಚದೆ ಅಡಿಗೆ ಮನೆಗೆ ಬಂದಳು.

"ಹರೀತು" ಎಂದಳು.

"ಸಮುದ್ರದ ತನಕ?"

"ಸಮುದ್ರದ ತನಕ."

ಚಪಾತಿ ಬೇಯುತ್ತಿತ್ತು. ಒಂದು ತೆಗೆದು ಕೊಟ್ಟೆ. ನಿಂತುಕೊಂಡೇ ತಿಂದಳು.

ಎಂಟು ಹೆಸರಿನ ಪಟ್ಟಿ ಮುಂದಿನ ತಿಂಗಳು ಬಂತು. ಅವಳದು ಕೊನೆಯದು. ಅಷ್ಟು ಮಾರ್ಕ್ಸ್ ಕಡಿಮೆಯಾಗದಿದ್ದರೆ ಎರಡನೆಯದೋ ಮೂರನೆಯದೋ ಆಗುತ್ತಿತ್ತು ಎಂದು ಮಗಳು ನನಗೆ ಕೇಳುವ ಹಾಗೆ ಹೇಳಿದಳು. ಕೊನೆಯವಳೂ ಅದೇ ಬೆಟ್ಟ ಹತ್ತುತ್ತಾಳೆ ಎಂದೆ ನಾನು. ಮಾಡೆಲ್ ಮನೆಗೆ ವಾಪಸು ಬಂತು. ಮಾರ್ಚಿನಲ್ಲಿ ಹೊರಗಿನಿಂದ ಯಾರೋ ಪರೀಕ್ಷಕರು ಬಂದು ಎಲ್ಲ ಮಾಡೆಲ್ಲುಗಳನ್ನೂ ನೋಡುತ್ತಾರಂತೆ, ಅಲ್ಲಿಯ ತನಕ ಕೆಡದ ಹಾಗೆ ಇಡಬೇಕು. ವರಾಂಡದಲ್ಲಿ ಅದರ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿಟ್ಟಳು.

ಜನವರಿಯಲ್ಲಿ ಅವಳು ಹೊರಟ ಬೆಳಿಗ್ಗೆ ಶಾಲೆಯ ವ್ಯಾನು ಗೇಟಿಗೆ ಬಂದಿತ್ತು. ಬೆನ್ನಿಗೆ ಚೀಲ ಏರಿಸಿಕೊಂಡವಳು ಮತ್ತೆ ಒಳಗೆ ಬಂದು, ವರಾಂಡದ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಕೀಲಿಕೈಯನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿಕೊಂಡಳು.

"ಬಟ್ಟೆ ಎಲ್ಲಿ ಒಣಗಿಸಲೇ ನಾಲ್ಕು ದಿನ?" ಎಂದೆ.

"ಮುಂದುಗಡೆ."

"ಬೀಗ ಬೇಕಿತ್ತಾ?"

"ಬೇಕಿತ್ತು ಅಜ್ಜಿ. ನೀನು ಮನೇಲಿರ್ತೀಯಲ್ಲ."

ವ್ಯಾನಿನ ಹಾರ್ನು ಆಯಿತು. ಅವಳು ಓಡಿದಳು. ನಾನು ಒದ್ದೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಮುಂದುಗಡೆಗೆ ಹೋದೆ.